ಕಂಬವೇರುವ ಪುಟ್ಟ ರೋಬಾಟು: ಹಿಡಿತ, ಬಲ, ವೇಗ



ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾಲವೆಂದರೆ ಮಳೆಗಾಲ. ಒದ್ದೆ ಮರವನ್ನು ಏರುವವನಿಗೆ ಕಾಲಿನ ತಳೆಯೂ ದೇಹದ ಅಭ್ಯಾಸವೂ ಆಸರೆ; ಜಾರಿದರೆ ಜೀವಕ್ಕೇ ಅಪಾಯ. ಮರವೇರುವ ಯಂತ್ರದ ಅಗತ್ಯ ಹುಟ್ಟಿದುದು ಇಂತಹ ಕಷ್ಟದಿಂದ. ಅದರ ತತ್ತ್ವವನ್ನು 2 ಮೀಟರ್ ಎತ್ತರದ ಪಿ.ವಿ.ಸಿ. ಕೊಳವೆಯನ್ನೇರುವ ಅರ್ಧ ಕಿಲೋಗ್ರಾಂ ತೂಕದ ರೋಬಾಟಿನ ಮೂಲಕ ತರಗತಿಯಲ್ಲಿಯೇ ಬೋಧಿಸಬಹುದು.

'ವೇಗವಾಗಿ ಏರಬೇಕು' ಎಂದೊಡನೆ ಮಕ್ಕಳು ವೇಗದ ಮೋಟಾರನ್ನು ಕೇಳುತ್ತಾರೆ. ಆದರೆ ಮೊದಲ ಪ್ರಶ್ನೆ ಹಿಡಿತದ್ದು. ಅರ್ಧ ಕಿಲೋಗ್ರಾಂ ವಸ್ತುವಿನ ತೂಕ ಸುಮಾರು 5 ನ್ಯೂಟನ್. ಅದನ್ನು ತಡೆದು ನಿಲ್ಲಿಸುವುದು ಚಕ್ರಕ್ಕೂ ಕಂಬಕ್ಕೂ ನಡುವಿನ ಘರ್ಷಣೆಯೊಂದೇ. ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ ಮರದ ತುಂಡನ್ನು ಪಿ.ವಿ.ಸಿ. ಹಲಗೆಯ ಮೇಲಿರಿಸಿ, ಹಲಗೆಯನ್ನು ಮೆಲ್ಲನೆ ಎತ್ತಲಿ. ತುಂಡು ಸುಮಾರು 27 ಡಿಗ್ರಿಯಲ್ಲಿ ಜಾರಿದರೆ ಘರ್ಷಣಾಂಕ 0.5. ಆಗ ಕಂಬದ ಎರಡು ಬದಿಯ ಎರಡು ಚಕ್ರಗಳೂ ಮೋಟಾರಿನಿಂದ ತಿರುಗುವುದಾದರೆ, ಒಂದೊಂದೂ ಕನಿಷ್ಠ 5 ನ್ಯೂಟನ್ ಬಲದಿಂದ ಕಂಬವನ್ನು ಒತ್ತಬೇಕು.

ಈ ಒತ್ತುಬಲವನ್ನು ಸ್ಪ್ರಿಂಗಿನಿಂದ ಪಡೆಯಬಹುದು. ಅದಕ್ಕಿಂತ ಸೊಗಸಾದ ಉಪಾಯವೆಂದರೆ ತೂಕವನ್ನೇ ದುಡಿಸುವುದು. ಒಂದು ಚಕ್ರ ಕಂಬದ ಆಚೆ ಬದಿಯಲ್ಲಿ ಮೇಲಕ್ಕೆ, ಇನ್ನೊಂದು ಈಚೆ ಬದಿಯಲ್ಲಿ ಕೆಳಕ್ಕೆ ಇರಲಿ. ಬ್ಯಾಟರಿಯನ್ನು ಈಚೆ ಬದಿಯಲ್ಲಿ ಹೊರಕ್ಕೆ ಚಾಚಿ ಕೂರಿಸಲಿ. ತೂಕ ಕೆಳಕ್ಕೆ ಎಳೆದಂತೆ ಚೌಕಟ್ಟು ವಾಲುತ್ತದೆ. ಎರಡು ಚಕ್ರಗಳೂ ಕಂಬವನ್ನು ಬಿಗಿಯಾಗಿ ಕಚ್ಚುತ್ತವೆ. ಕಂಬದ ಮಧ್ಯರೇಖೆಯಿಂದ ಭಾರಕೇಂದ್ರಕ್ಕಿರುವ ದೂರವು ಚಕ್ರಗಳ ನಡುವಿನ ಎತ್ತರಕ್ಕೆ ಸಮವಾದರೆ, 0.5 ಘರ್ಷಣಾಂಕದಲ್ಲಿ ಯಂತ್ರ ಜಾರದೆ ನಿಲ್ಲುವ ಅಂಚಿಗೆ ಬರುತ್ತದೆ. ದೂರವನ್ನು ಒಂದೂವರೆ ಪಟ್ಟು ಇಟ್ಟರೆ ಭದ್ರ. ಈ ಲೆಕ್ಕದಲ್ಲಿ ತೂಕ ಎರಡೂ ಕಡೆ ಬಂದು ರದ್ದಾಗುತ್ತದೆ. ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ. ಮಕ್ಕಳು ಇದನ್ನು ಸೂತ್ರದಿಂದ ತಾವೇ ಕಂಡುಕೊಳ್ಳುವಂತೆ ಬಿಡುವುದು ಒಳ್ಳೆಯದು.

ಹಿಡಿತ ದೊರೆತ ಮೇಲೆ ವೇಗದ ಮಾತು. 4 ಸೆಂಟಿಮೀಟರ್ ವ್ಯಾಸದ ಚಕ್ರ ಒಂದು ಸುತ್ತಿಗೆ ಸುಮಾರು 12.6 ಸೆಂಟಿಮೀಟರ್ ಏರುತ್ತದೆ. ನಿಮಿಷಕ್ಕೆ 120 ಸುತ್ತಾದರೆ ಸೆಕೆಂಡಿಗೆ ಸುಮಾರು 25 ಸೆಂಟಿಮೀಟರ್. 2 ಮೀಟರಿಗೆ 8 ಸೆಕೆಂಡು. ಇದಕ್ಕೆ ಪ್ರತಿ ಮೋಟಾರಿನಿಂದ 5 ನ್ಯೂಟನ್-ಸೆಂಟಿಮೀಟರ್ ತಿರುಗುಬಲ ಬೇಕು. ಚಕ್ರವನ್ನು 8 ಸೆಂಟಿಮೀಟರಿಗೆ ಹಿಗ್ಗಿಸಿ, ಅಷ್ಟೇ ಸುತ್ತು ತಿರುಗಿಸಿದರೆ ವೇಗ ಇಮ್ಮಡಿಯಾಗುತ್ತದೆ. ಬೇಕಾದ ತಿರುಗುಬಲವೂ ಇಮ್ಮಡಿಯಾಗುತ್ತದೆ. ಅದಕ್ಕೆಂದು ದೊಡ್ಡ ಮೋಟಾರು ತಂದರೆ ತೂಕ ಏರಿ ಮತ್ತಷ್ಟು ಬಲ ಬೇಕಾಗುತ್ತದೆ. ಆದುದರಿಂದ ವೇಗದ ಗುಟ್ಟು ಹಗುರವಾದ ಚೌಕಟ್ಟಿನಲ್ಲಿದೆ. ಬಿದಿರಿನ ಸೀಳು, ತೆಳು ಪ್ಲೈವುಡ್ ಇವೇ ಸಾಕು.

ತುದಿಯಲ್ಲಿ ಮೋಟಾರು ತಾನಾಗಿ ನಿಲ್ಲಲು ಒಂದು ಒತ್ತುಗುಂಡಿ ಇರಲಿ. ವಿದ್ಯುತ್ ನಿಂತಾಗ ಯಂತ್ರ ಕೆಳಗುರುಳದಿರಲು ವರ್ಮ್ ಗೇರ್ ನೆರವಾಗಬಲ್ಲದು. ಅದಕ್ಕೆ ತೆರಬೇಕಾದ ಬೆಲೆ ನಿಧಾನಗತಿ. ನಿಜವಾದ ಅಡಿಕೆಮರ ಮೇಲೇರಿದಂತೆ ಸಪೂರವಾಗುವುದರಿಂದ ಅಲ್ಲಿ ಚೌಕಟ್ಟು ಕುಗ್ಗಿ ಹಿಗ್ಗುವಂತಿರಬೇಕು.

ಸೊಲ್ಲಾಪುರ, ಆದವಾನಿ ಕಡೆಯ ಮಕ್ಕಳಿಗೆ ಅಡಿಕೆಮರ ಅಪರಿಚಿತ. ಅವರ ಕಣ್ಣು ಬೀದಿದೀಪದ ಕಂಬದ ಮೇಲೆ ಬೀಳಬಹುದು. ವಿದ್ಯುತ್ ಕಂಬದಲ್ಲಿ ಈ ಪ್ರಯೋಗ ಸರ್ವಥಾ ಕೂಡದೆಂದು ಮೊದಲ ದಿನವೇ ತಿಳಿಸತಕ್ಕದ್ದು. ಏರುವ ಯಂತ್ರದ ಕೆಳಗೆ ಯಾರೂ ನಿಲ್ಲಬಾರದು.

ಘರ್ಷಣೆ, ತಿರುಗುಬಲ, ಭಾರಕೇಂದ್ರ ಎಂಬ ಮಾತುಗಳನ್ನು ಪರೀಕ್ಷೆಗಾಗಿ ಕಲಿತ ಮಗು ಅವನ್ನು ಬೇಗ ಮರೆಯುತ್ತದೆ. ಯಂತ್ರ ಜಾರಿದಾಗ ಕಾರಣವನ್ನು ಅವೇ ಮಾತುಗಳಲ್ಲಿ ಹುಡುಕಿದ ಮಗುವಿಗೆ ಅವು ಕೈಯ ಉಪಕರಣಗಳಾಗುತ್ತವೆ. ಗಡಿಯಾಚೆಯ ಕನ್ನಡ ಶಾಲೆಯಲ್ಲಿ ತಾಯ್ನುಡಿಯು ಪದ್ಯಕ್ಕೂ ಪತ್ರಕ್ಕೂ ಸೀಮಿತವಾಗದೆ ಯಂತ್ರವಿನ್ಯಾಸಕ್ಕೂ ಒದಗಬಲ್ಲುದೆಂಬುದನ್ನು ಅಂತಹ ಮಗು ಬೇರೆ ಯಾರೂ ಹೇಳದೆಯೇ ಅರಿಯುತ್ತದೆ.