ಗೋಡೆಯ ಬಿರುಕಿನಿಂದ ಹೃದಯದವರೆಗೆ
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಹೃದಯದ ಕಾಯಿಲೆ ಅಂದ ಕೂಡಲೇ ನಮಗೆ ಬಿ.ಪಿ., ಶುಗರ್, ಬೀಡಿ ನೆನಪಾಗುತ್ತದೆ. ಗೋಡೆಯ ಬಿರುಕಿನಲ್ಲಿ ಅಡಗಿದ ಒಂದು ತಿಗಣೆಯಂಥ ಹುಳ ಹೃದಯವನ್ನು ಕೆಡಿಸುತ್ತದೆ ಅಂದರೆ ನಂಬುತ್ತೀರಾ? ದಕ್ಷಿಣ ಅಮೆರಿಕದ ಬಡವರ ಮಣ್ಣಿನ ಮನೆಗಳಲ್ಲಿ ಇದು ನಡೆದಿದೆ, ಕೆಲವೆಡೆ ಈಗಲೂ ನಡೆಯುತ್ತಿದೆ. 1909ರಲ್ಲಿ ಬ್ರೆಜಿಲಿನ ಲಸ್ಸಾನ್ಸ್ ಎಂಬ ಊರಿನಲ್ಲಿ ಎರಡು ವರ್ಷದ ಹೆಣ್ಣುಮಗುವಿನ ರಕ್ತದಲ್ಲಿ ಡಾ. ಕಾರ್ಲೋಸ್ ಚಾಗಸ್ ಇದರ ರೋಗಾಣುವನ್ನು ಕಂಡರು. ಅವರು ಅಲ್ಲಿಗೆ ಹೋಗಿದ್ದು ರೈಲು ಹಳಿ ಹಾಕುವ ಕೂಲಿಗಳ ಮಲೇರಿಯಾ ತಡೆಯಲು! ಕಾಯಿಲೆಗೆ ಅವರದೇ ಹೆಸರು ನಿಂತಿತು.

ಈ ಹುಳ ರಾತ್ರಿ ಮಲಗಿದವರ ಮುಖ ಕಚ್ಚುತ್ತದೆ. ಅದಕ್ಕೇ ಅಲ್ಲಿಯವರು ಅದನ್ನು 'ಕ್ಷೌರಿಕ' ಅಂತ ಕರೆಯುತ್ತಾರೆ. ರೋಗಾಣು ಇರುವುದು ಅದರ ಹಿಕ್ಕೆಯಲ್ಲಿ. ತುರಿಸಿಕೊಂಡಾಗ ಗಾಯದೊಳಗೆ ಹೋಗುತ್ತದೆ. ಸ್ವಲ್ಪ ಜ್ವರ ಬರಬಹುದು, ಎಷ್ಟೋ ಜನರಿಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಹತ್ತಿಪ್ಪತ್ತು ವರ್ಷ ಸುಮ್ಮನೆ ಕಳೆಯುತ್ತದೆ.

ಆದರೆ ಮೂವರಲ್ಲಿ ಒಬ್ಬರಿಗೆ ಅಷ್ಟರಲ್ಲಿ ಹೃದಯದ ಮಾಂಸ ಸತ್ತು ಕಲೆಗಟ್ಟಿರುತ್ತದೆ. ಕೆಲವರಲ್ಲಿ ಹೃದಯದ ತುದಿ ತೆಳ್ಳಗಾಗಿ, ಸವೆದ ಸೈಕಲ್ ಟ್ಯೂಬಿನ ಹಾಗೆ ಹೊರಗೆ ಉಬ್ಬುತ್ತದೆ. ಇದನ್ನೇ ಅನ್ಯೂರಿಸಂ ಎನ್ನುವುದು. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ. ಕಲೆಯಾದ ಜಾಗದಿಂದ ಹೃದಯದ ಬಡಿತವೂ ತಪ್ಪುತ್ತದೆ. ಓಡಾಡಿಕೊಂಡಿದ್ದ ಮನುಷ್ಯ ಗದ್ದೆಯಲ್ಲೇ ಕುಸಿದು ಹೋಗುವುದುಂಟು. ಬಡಿತ ತೀರಾ ನಿಧಾನವಾದರೆ ಪೇಸ್‌ಮೇಕರ್, ಅಪಾಯಕರವಾಗಿ ಓಡಿದರೆ ಎದೆಯೊಳಗೆ ಶಾಕ್ ಕೊಡುವ ಯಂತ್ರ ಇಡುತ್ತಾರೆ. ಅದನ್ನು ಕೂಲಿಯವರು ಎಲ್ಲಿಂದ ತರಬೇಕು ಹೇಳಿ?

ರೋಗಾಣುವಿಗೆ ಬೆಂಜ್‌ನಿಡಜೋಲ್ ಎಂಬ ಮಾತ್ರೆಯಿದೆ. ಹುಟ್ಟಿದ ಕೂಡಲೇ ಕೊಟ್ಟರೆ ಸೋಂಕಿರುವ ಹೆಚ್ಚುಕಡಿಮೆ ಎಲ್ಲ ಶಿಶುಗಳೂ ಗುಣವಾಗುತ್ತವೆ. ಹೃದಯ ಕೆಟ್ಟ ಮೇಲೆ ಕೊಟ್ಟರೆ ಹೃದಯ ಸರಿಹೋಗದು. 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಅದನ್ನೇ ತೋರಿಸಿತು. ತಾಯಿಯಿಂದ ಮಗುವಿಗೂ ಇದು ಬರುವುದರಿಂದ ಹೆಣ್ಣುಮಕ್ಕಳಿಗೆ ಬಸಿರಿಗೆ ಮುಂಚೆಯೇ ಪರೀಕ್ಷೆ, ಔಷಧಿ ಆಗಬೇಕು.

ಬ್ರೆಜಿಲಿನವರು ಮನೆಮನೆಗೆ ಔಷಧಿ ಸಿಂಪಡಿಸಿದರು, ಮನೆಗಳನ್ನು ಸುಧಾರಿಸಿದರು, ರಕ್ತನಿಧಿಗಳಲ್ಲಿ ಪರೀಕ್ಷೆ ಕಡ್ಡಾಯ ಮಾಡಿದರು. ಮುಖ್ಯ ಜಾತಿಯ ಹುಳದಿಂದ ಹರಡುವುದು ನಿಂತಿದೆ ಎಂಬ ಪ್ರಮಾಣಪತ್ರ ಅವರಿಗೆ 2006ರಲ್ಲಿ ಸಿಕ್ಕಿತು. ಯಂತ್ರಕ್ಕಿಂತ ಗೋಡೆಯ ಗಾರೆ ಅಗ್ಗ, ಅಲ್ಲವೇ?

ನಮ್ಮ ನಾಡಿನಲ್ಲಿ ಈ ಕಾಯಿಲೆ ಹರಡುತ್ತಿಲ್ಲ, ಮನೆಯ ತಿಗಣೆ ಕಂಡು ಹೆದರಬೇಡಿ. ಆದರೆ ಎದೆ ಡವಡವ ಅಂದು ಕಣ್ಣು ಕತ್ತಲೆ ಬಂದು ಬಿದ್ದರೂ "ಗ್ಯಾಸ್ ಇರ್ಬೇಕು ಸಿಸ್ಟರ್" ಅನ್ನುವವರು ನಮ್ಮ ಸಂಘಗಳಲ್ಲೇ ಇದ್ದಾರೆ. ಹಾಗೆ ಬಿದ್ದವರು ಒಂದು ಇ.ಸಿ.ಜಿ. ಮಾಡಿಸಲೇಬೇಕು. ಬಸ್ಸಿನ ಖರ್ಚಿಗೆ ಸಂಘದ ಉಳಿತಾಯದಿಂದ ಕೇಳಿ, ನಾಚಿಕೆ ಬೇಡ. ಜೊತೆಗೆ ಬರುವವರು ಇಲ್ಲದಿದ್ದರೆ ನಾವು ಬರುತ್ತೇವೆ.