ಸಡಿಲವಾದ ಪುಲ್ಲಿ

(ಶಾಲೆಯ ವಿಜ್ಞಾನ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಘರ್ಷಣೆಯು ಯಂತ್ರಗಳ ಶತ್ರುವೆಂದು ನೀವು ಪರೀಕ್ಷೆಯಲ್ಲಿ ಬರೆಯುತ್ತೀರಿ. ಯಂತ್ರವನ್ನು ಸವೆಯಿಸುವುದೂ ಕಾಯಿಸುವುದೂ ಅದೇ ಆದುದರಿಂದ ಆ ಉತ್ತರವು ತಪ್ಪಲ್ಲ. ಆದರೆ ಯಂತ್ರದ ಭಾಗಗಳು ಕಳಚಿ ಬೀಳದಂತೆ ಹಿಡಿದಿಟ್ಟಿರುವುದೂ ಘರ್ಷಣೆಯೇ ಎಂಬುದನ್ನು ನಾವು ಮರೆಯುತ್ತೇವೆ. ಈ ಎರಡನೆಯ ಮಾತನ್ನು ಒಂದು ಹಳೆಯ ಕಾರಿನ ಎಂಜಿನ್ನಿನ ಮೂಲಕ ವಿವರಿಸಬೇಕೆಂಬುದು ಇಂದಿನ ನನ್ನ ಉದ್ದೇಶ.

ಅಂಬಾಸಿಡರ್ ಕಾರನ್ನು ಅರಿಯದ ಹಿರಿಯರು ಇಲ್ಲಿ ಇರಲಾರರು. ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರ ವರೆಗೆ ಅದು ತಯಾರಾಯಿತು. ಬಹುಕಾಲ ಅದನ್ನು ನಡೆಸಿದುದು ಇಂಗ್ಲೆಂಡಿನ ಬಿ.ಎಂ.ಸಿ. ಕಂಪೆನಿಯ ವಿನ್ಯಾಸದ, 1489 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್ನು. ಪಿಸ್ಟನ್‌ಗಳ ಏರಿಳಿತವನ್ನು ತಿರುಗುವ ಚಲನೆಯಾಗಿ ಮಾರ್ಪಡಿಸುವ ದಂಡಕ್ಕೆ ಕ್ರ್ಯಾಂಕ್ ಶಾಫ್ಟು ಎಂದು ಹೆಸರು. ಅದರ ಮುಂತುದಿಯು ಎಂಜಿನ್ನಿನಿಂದ ಹೊರಚಾಚಿದ್ದು, ಅಲ್ಲಿ ಒಂದು ಪುಲ್ಲಿಯನ್ನು ಕೂರಿಸಿರುತ್ತಾರೆ. ಅದಕ್ಕೆ ತೊಡಿಸಿದ ಬೆಲ್ಟು ಫ್ಯಾನನ್ನೂ ನೀರಿನ ಪಂಪನ್ನೂ ಡೈನಮೋವನ್ನೂ ತಿರುಗಿಸುತ್ತದೆ. ಈ ಪುಲ್ಲಿಯು ಕೆಟ್ಟರೆ ಗಾಳಿ ಬೀಸದು, ನೀರು ಹರಿಯದು, ಬ್ಯಾಟರಿ ತುಂಬದು. ಜನರನ್ನು ಹೊತ್ತು ಘಾಟಿಯನ್ನೇರುವ ಕಾರು ನಡುದಾರಿಯಲ್ಲೇ ಕುದಿದು ನಿಂತುಬಿಡುವುದು.

ಪುಲ್ಲಿಯನ್ನು ಹಿಡಿದಿಡುವುದು ಯಾವುದು? ಶಾಫ್ಟಿನಲ್ಲಿ ಒಂದು ಕಚ್ಚು, ಪುಲ್ಲಿಯ ಒಳಮೈಯಲ್ಲಿ ಇನ್ನೊಂದು ಕಚ್ಚು. ಎರಡರ ನಡುವೆ ಅರ್ಧಚಂದ್ರಾಕಾರದ ಒಂದು ಚಿಕ್ಕ ಉಕ್ಕಿನ ಕೀಲು. ಮುಂದುಗಡೆ ಒಂದು ದೊಡ್ಡ ನಟ್ಟು. ಹಿಂದೆ ಹ್ಯಾಂಡಲ್ ಹಾಕಿ ಕಾರನ್ನು ಹೊರಡಿಸುತ್ತಿದ್ದಾಗ ಆ ಹ್ಯಾಂಡಲಿನ ತುದಿ ಕಚ್ಚಿಕೊಳ್ಳುತ್ತಿದ್ದುದು ಈ ನಟ್ಟಿನ ಹಲ್ಲುಗಳಿಗೇ. ಎತ್ತಿನ ಬಂಡಿಯ ಕಡೆಗೀಲನ್ನು ಕಂಡ ನಮಗೆ, ಇಲ್ಲಿಯೂ ಎಲ್ಲ ಭಾರವನ್ನು ಕೀಲೇ ಹೊರುತ್ತದೆಯೆಂದು ತೋರುವುದು ಸಹಜ. ವಾಸ್ತವವು ಬೇರೆ. ನಟ್ಟು ಬಿಗಿಯಾಗಿದ್ದಾಗ ಅದು ಪುಲ್ಲಿಯನ್ನೂ ಅದರ ಹಿಂದಿರುವ ಟೈಮಿಂಗ್ ಗೇರನ್ನೂ ಶಾಫ್ಟಿನ ಭುಜಕ್ಕೆ ಬಲವಾಗಿ ಒತ್ತಿ ಹಿಡಿಯುತ್ತದೆ. ಒತ್ತಿಕೊಂಡ ಮೈಗಳ ನಡುವಿನ ಘರ್ಷಣೆಯೇ ತಿರುಗುವ ಬಲದ ಬಹುಭಾಗವನ್ನು ದಾಟಿಸುತ್ತದೆ. ಭಾಗಗಳು ತಮ್ಮ ಸರಿಯಾದ ಸ್ಥಾನದಲ್ಲಿ ಕೂರುವಂತೆ ನೋಡಿಕೊಳ್ಳುವುದೇ ಕೀಲಿನ ಮುಖ್ಯ ಕೆಲಸ.

ನಟ್ಟು ಸಡಿಲವಾಯಿತೆನ್ನೋಣ. ಈ ಬಗೆಯ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ಸ್ಫೋಟಗಳು. ನಿಮಿಷಕ್ಕೆ 3000 ಸುತ್ತುಗಳಾದರೆ 6000 ಸ್ಫೋಟಗಳು. ಅಂದರೆ ಸೆಕೆಂಡಿಗೆ 100. ಪ್ರತಿ ಸ್ಫೋಟಕ್ಕೂ ಶಾಫ್ಟು ಮುಂದಕ್ಕೆ ಜಿಗಿದು ಮತ್ತೆ ತುಸು ತಗ್ಗುತ್ತದೆ. ಹಿಡಿತ ತಪ್ಪಿದ ಪುಲ್ಲಿಯು ಈ ಜಿಗಿತವನ್ನು ಸರಿಯಾಗಿ ಅನುಸರಿಸಲಾರದು. ಕೀಲು ಕಚ್ಚಿನ ಎರಡು ಗೋಡೆಗಳಿಗೂ ಬಡಿಯತೊಡಗುತ್ತದೆ. ಕೊಡಲಿಯ ಕಾವು ಸಡಿಲವಾದ ಮೇಲೆ ಹೊಡೆದ ಪ್ರತಿ ಪೆಟ್ಟೂ ಅದನ್ನು ಇನ್ನಷ್ಟು ಸಡಿಲಿಸುವಂತೆ ಇಲ್ಲಿಯೂ ಸಡಿಲವೇ ಸಡಿಲವನ್ನು ಬೆಳೆಸುತ್ತದೆ. ಜಪಾನಿನ ಮಾಜ್ದಾ ಎಂ.ಎಕ್ಸ್.-5 ಎಂಬ ಕಾರಿನ ಮೊದಲ ವರ್ಷಗಳ ಎಂಜಿನ್ನುಗಳು ಇದೇ ರೋಗಕ್ಕೆ ಹೆಸರಾಗಿದ್ದವು; 1991ರಲ್ಲಿ ತಯಾರಕರು ಶಾಫ್ಟಿನ ಮುಂತುದಿಯನ್ನೇ ದಪ್ಪಗೊಳಿಸಿದರು.

ರೋಗದ ಲಕ್ಷಣಗಳನ್ನು ಕೇಳಿ. ಎಂಜಿನ್ನು ಮೆಲ್ಲನೆ ಓಡುತ್ತಿರುವಾಗ ಮುಂಭಾಗದಲ್ಲಿ ಟಕಟಕ ಸದ್ದು. ಪುಲ್ಲಿಯ ಅಂಚು ಓಲಾಡುವುದು. ಬೆಲ್ಟು ಒಂದು ಬದಿಯಲ್ಲಿ ಸವೆಯುವುದು. ಪುಲ್ಲಿಯ ಮೇಲಿರುವ ಟೈಮಿಂಗ್ ಗುರುತು ಸಹ ಆಗ ನಂಬಿಕೆಗೆ ಅರ್ಹವಲ್ಲ. ಸದ್ದನ್ನು ಹುಡುಕುವವರು ಓಡುವ ಫ್ಯಾನಿನ ಬಳಿ ಕೈಯನ್ನಾಗಲಿ ಬಟ್ಟೆಯ ಸೆರಗನ್ನಾಗಲಿ ಒಯ್ಯಲೇಬಾರದು.

ಇನ್ನು ದುರಸ್ತಿ. ಎಂಜಿನ್ನು ತಣ್ಣಗಾದ ಮೇಲೆ ಬ್ಯಾಟರಿಯ ತಂತಿಯನ್ನು ಬಿಚ್ಚಿ, ಚಕ್ರಗಳಿಗೆ ಅಡ್ಡಗಲ್ಲು ಇಡಬೇಕು. ನೀರನ್ನು ಇಳಿಸಿ ರೇಡಿಯೇಟರನ್ನು ಕಳಚಿದರೆ ಕೈಯಾಡಲು ಎಡೆ ದೊರೆಯುತ್ತದೆ. ಡೈನಮೋವನ್ನು ಸಡಿಲಿಸಿ ಬೆಲ್ಟನ್ನು ತೆಗೆಯಬೇಕು. ಗಾಡಿಯನ್ನು ಟಾಪ್ ಗೇರಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದರೆ ಶಾಫ್ಟು ತಿರುಗದೆ ನಿಲ್ಲುವುದು. ನಟ್ಟಿನ ಮೇಲೆ ಮಡಿಸಿರುವ ಲಾಕ್ ವಾಷರಿನ ಅಂಚನ್ನು ಬಿಡಿಸಿ, ಸರಿಯಾದ ಸ್ಪ್ಯಾನರಿನಿಂದ ನಟ್ಟನ್ನು ಬಿಚ್ಚಬೇಕು. ಪುಲ್ಲಿಯನ್ನು ಎರಡು ಬದಿಗಳಿಂದಲೂ ಸಮನಾಗಿ ಎಳೆಯಬೇಕು. ಸುತ್ತಿಗೆಗೆ ಇಲ್ಲಿ ಕೆಲಸವಿಲ್ಲ.

ಅನಂತರ ಒರೆಸಿ, ಬೆಳಕಿನಲ್ಲಿ ನೋಡಬೇಕು. ಕೀಲು ಮಾತ್ರ ಜಜ್ಜಿದ್ದರೆ ಹೊಸ ಕೀಲು ಸಾಕು. ಪುಲ್ಲಿಯ ಕಚ್ಚು ಅಗಲವಾಗಿದ್ದರೆ ಪುಲ್ಲಿಯನ್ನೂ ಬದಲಾಯಿಸಬೇಕು. ಎಣ್ಣೆಯ ಸೀಲು ಪುಲ್ಲಿಯ ಕೊರಳಿನ ಮೇಲೆಯೇ ಉಜ್ಜುವುದರಿಂದ ಅಲ್ಲಿ ಗೆರೆ ಬಿದ್ದಿದೆಯೆ ಎಂದೂ ಪರೀಕ್ಷಿಸಬೇಕು. ಶಾಫ್ಟಿನ ಕಚ್ಚೇ ಕೆಟ್ಟಿದ್ದರೆ ಅದು ನುರಿತ ಲೇತ್ ಕಾರ್ಖಾನೆಯವರ ಕೆಲಸ. ಸವೆತ ಅಲ್ಪವಾಗಿದ್ದಲ್ಲಿ, ಗಾಳಿಯಿಲ್ಲದ ಲೋಹಸಂದಿಯಲ್ಲಿ ಗಟ್ಟಿಯಾಗುವ ವಿಶೇಷ ಅಂಟನ್ನು ಬಳಸಿ ಉಳಿಸಿಕೊಂಡವರುಂಟು. ಆದರೆ ಅದು ನಟ್ಟಿನ ಬಿಗಿಗೆ ಬದಲಿಯಲ್ಲ.

ಜೋಡಿಸುವಾಗ ಒತ್ತಿಕೊಳ್ಳುವ ಮೈಗಳ ನಡುವೆ ಕೊಳೆಯ ಒಂದು ಕಣವೂ ಉಳಿಯಬಾರದು. ಉಳಿದರೆ ಅದು ಪುಡಿಯಾದ ದಿನ ನಟ್ಟು ಮತ್ತೆ ಸಡಿಲಗೊಳ್ಳುವುದು. ಲಾಕ್ ವಾಷರು ಹೊಸದಾಗಿರಲಿ. ಬಿಗಿಯುವುದಕ್ಕೆ ಅಳತೆಯುಂಟು. ಇದೇ ವಂಶದ ಎಂಜಿನ್ನುಳ್ಳ ಎಂ.ಜಿ.ಬಿ. ಕಾರಿನ ಕೈಪಿಡಿಯಲ್ಲಿ ಈ ನಟ್ಟಿಗೆ 70 ಪೌಂಡ್-ಅಡಿ ಎಂದಿದೆ. ಎರಡು ಅಡಿಯ ಹಿಡಿಯ ತುದಿಗೆ 35 ಪೌಂಡು, ಅಂದರೆ ಸುಮಾರು 16 ಕಿಲೋ ಭಾರವನ್ನು ತೂಗಹಾಕಿದಂತೆ. ನೀವು ಕಲಿತ ಸನ್ನೆಕೋಲಿನ ಲೆಕ್ಕವೇ ಇದು. ಪ್ರತಿ ಕಾರಿಗೂ ಅದರ ಕೈಪಿಡಿಯ ಅಂಕಿಯೇ ಪ್ರಮಾಣ. ಟಾರ್ಕ್ ರೆಂಚಿನಿಂದ ಆ ಅಂಕಿಗೆ ಬಿಗಿಯಬೇಕು. ಉಳಿಯನ್ನು ನಟ್ಟಿಗೆ ಕೊಟ್ಟು ಸುತ್ತಿಗೆಯಿಂದ ಬಡಿದು ಬಿಗಿದದ್ದು ಎಷ್ಟು ಬಿಗಿಯಾಯಿತೆಂದು ಬಡಿದವನೂ ಹೇಳಲಾರ.

ಪೋಷಕರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಮೆಕ್ಯಾನಿಕನು ‘ಬಿಚ್ಚಿ ನೋಡಬೇಕು, ಅರ್ಧ ದಿನ ಹಿಡಿಯುತ್ತದೆ’ ಎಂದಾಗ, ‘ಸುಮ್ಮನೆ ಬಿಗಿದು ಕೊಡಪ್ಪಾ’ ಎಂದು ಅವಸರಪಡಿಸಬೇಡಿ. ಕೆಟ್ಟ ಕೀಲಿನ ಮೇಲೆ ಬಿಗಿದ ನಟ್ಟು ಸದ್ದನ್ನು ಕೆಲವು ದಿನ ಅಡಗಿಸಬಹುದು. ಒಳಗಿನ ಸವೆತವನ್ನು ನಿಲ್ಲಿಸಲಾರದು. ಕೀಲು ಎಂಜಿನ್ನಿನ ಅತ್ಯಂತ ಅಗ್ಗದ ಭಾಗಗಳಲ್ಲೊಂದು. ಶಾಫ್ಟು ಅತ್ಯಂತ ಬೆಲೆಬಾಳುವ ಭಾಗಗಳಲ್ಲೊಂದು. ಅದನ್ನು ಹೊರತೆಗೆಯಬೇಕಾದರೆ ಇಡೀ ಎಂಜಿನ್ನನ್ನೇ ಇಳಿಸಿ ಬಿಚ್ಚಬೇಕು. ಅರ್ಧ ದಿನವನ್ನು ಉಳಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಬಾಲಕ ಬಾಲಕಿಯರೇ, ನಿಮ್ಮಲ್ಲಿ ಕೆಲವರಾದರೂ ಮುಂದೆ ಯಂತ್ರದ ಕೆಲಸವನ್ನು ಕೈಗೊಳ್ಳುವಿರಿ. ಸದ್ದು ನಿಂತಿತೆಂದು ಸ್ಪ್ಯಾನರನ್ನು ಕೆಳಗಿಡದೆ, ಸಡಿಲವಾದುದೇಕೆ ಎಂಬುದನ್ನು ಕಂಡುಕೊಂಡೇ ಏಳಿರಿ. ನಿಮ್ಮನ್ನು ನಂಬಿ ಘಾಟಿಯನ್ನೇರುವವರು ಆ ಕಾರಿನೊಳಗೆ ಕುಳಿತಿರುತ್ತಾರೆ.