ಮಣಿಯ ತೂತು, ರಾಗಿಯ ಹಿಟ್ಟು

ಸರ ಪೋಣಿಸುವ ಅಕ್ಕನೊಬ್ಬರು ನನಗೆ ಪರಿಚಯ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಮಣಿ ಕೊಳ್ಳುವಾಗ ಅವರು ಬಣ್ಣಕ್ಕೆ ಮರುಳಾಗುವುದಿಲ್ಲ. ಮಣಿಯನ್ನು ಬೆಳಕಿಗೆ ಹಿಡಿದು ತೂತು ನೋಡುತ್ತಾರೆ. ಅಂಚು ಒರಟಾಗಿದ್ದರೆ ದಾರ ಸವೆದು ಸರ ಹರಿಯುತ್ತದೆ.

ಕಾಣದ್ದನ್ನೂ ನೋಡಿಕೊಳ್ಳುವ ಆ ಕಾಳಜಿ ಅವರ ಅಡುಗೆಮನೆಯಲ್ಲೂ ಇದೆ. ಮಗಳಿಗೆ ಸೀಲಿಯಾಕ್ ಕಾಯಿಲೆ. ಗೋಧಿಯಲ್ಲಿರುವ ಗ್ಲುಟೆನ್ ಅವಳ ಕರುಳಿಗೆ ಹಾನಿ ಮಾಡುತ್ತದೆ. ಅದಕ್ಕೇ ಕುಕೀಸ್‌ಗೆ ರಾಗಿಹಿಟ್ಟು. ರಾಗಿಯಲ್ಲಿ ಗ್ಲುಟೆನ್ ಇಲ್ಲ; ಹಾಗಾಗಿ ಜಿಗುಟೂ ಇಲ್ಲ, ತಟ್ಟಿದರೆ ಬಿರಿಯುತ್ತದೆ. ಅಕ್ಕ ಬಾಳೆಹಣ್ಣು ಕಿವುಚಿ ಸೇರಿಸಿ, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಅಂಗೈಯಲ್ಲಿ ಮೆಲ್ಲಗೆ ತಟ್ಟುತ್ತಾರೆ.

ಗೋಧಿ ಬೀಸುವ ಗಿರಣಿಯಲ್ಲೇ ರಾಗಿ ಬೀಸಿದರೂ ಗೋಧಿಯ ಪುಡಿ ಬೆರೆತು ತೊಂದರೆಯಾಗುತ್ತದೆ. ಅಂಥ ಮಗು ನಿಮ್ಮ ಮನೆಗೆ ಬಂದರೆ, ತಿನ್ನಲು ಕೊಡುವ ಮುನ್ನ ತಾಯಿಯನ್ನೊಮ್ಮೆ ಕೇಳಿ.